ವೇಳಾಪಟ್ಟಿಯೊಳಗೆ ನೃತ್ಯಕ್ಕೊಂದು ಅವಧಿ

ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಉಚಿತವಾಗಿ ನೃತ್ಯ ಕಲಿಸಬೇಕೆಂದು ಹೊರಟಾಗ ನಾನು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದ ಷರತ್ತು ಒಂದೇ: ತರಗತಿ ಶಾಲೆಯ ವೇಳೆಯೊಳಗೇ ನಡೆಯಬೇಕು, ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಂದು ಮಗುವೂ ಅದರಲ್ಲಿರಬೇಕು. ಭರತನಾಟ್ಯದ ವಿದ್ವತ್ ಪರೀಕ್ಷೆ ಮುಗಿಸಿ ತುಮಕೂರಿನಲ್ಲಿ ಹಲವು ವರ್ಷಗಳಿಂದ ಪಾಠ ಹೇಳುತ್ತಿರುವ ನನಗೆ ಈ ಕಲೆ ಯಾರ ಮನೆಯ ಮಕ್ಕಳನ್ನು ತಲುಪುತ್ತದೆ, ಯಾರ ಮನೆಯ ಮಕ್ಕಳನ್ನು ತಲುಪುವುದಿಲ್ಲ ಎಂಬುದು ಚೆನ್ನಾಗಿ ಗೊತ್ತಿತ್ತು. ತಿಂಗಳ ಶುಲ್ಕ, ಅಭ್ಯಾಸದ ಸೀರೆ, ಗೆಜ್ಜೆ, ಪರೀಕ್ಷೆಯ ಖರ್ಚು, ಮುಂದೆ ಲಕ್ಷಗಟ್ಟಲೆ ಕೇಳುವ ರಂಗಪ್ರವೇಶ ಇವೆಲ್ಲ ಕೂಲಿ ಮಾಡುವ ಮನೆಯವರ ಲೆಕ್ಕಕ್ಕೆ ಬರುವಂಥವಲ್ಲ. ಆದರೆ ಶುಲ್ಕವನ್ನು ಕೈಬಿಟ್ಟ ಮಾತ್ರಕ್ಕೆ ಆ ಮಕ್ಕಳು ಬಂದುಬಿಡುತ್ತಾರೆ ಎಂಬ ನಂಬಿಕೆ ನನಗಿರಲಿಲ್ಲ. ಗೆಳತಿಯೊಬ್ಬಳು ಸಮುದಾಯ ಭವನದಲ್ಲಿ ಸಂಜೆಯ ಹೊತ್ತು ಉಚಿತ ತರಗತಿ ನಡೆಸುತ್ತಿದ್ದಳು. ಅಲ್ಲಿಗೆ ಬರುತ್ತಿದ್ದವರು ಸಂಜೆ ಬಿಡುವಿರುವ, ಕರೆದುತಂದು ಕರೆದೊಯ್ಯುವ ಹಿರಿಯರಿರುವ ಮನೆಯ ಮಕ್ಕಳು. ಶಾಲೆ ಬಿಟ್ಟ ಕೂಡಲೇ ಕುರಿ ಹೊಡೆದುಕೊಂಡು ಬರಬೇಕಾದ ಹುಡುಗ, ಅಂಗನವಾಡಿಯಿಂದ ತಮ್ಮನನ್ನು ಎತ್ತಿಕೊಂಡು ಮನೆಗೆ ಹೋಗಿ ಒಲೆ ಹಚ್ಚಬೇಕಾದ ಹುಡುಗಿ ಅಲ್ಲಿ ಕಾಣಿಸುತ್ತಿರಲಿಲ್ಲ. ಅವರಿಗೆ ತಮ್ಮದೆಂದು ಇರುವ ಹೊತ್ತು ಶಾಲೆಯ ಹೊತ್ತು ಮಾತ್ರ. ಕಲಿಸುವುದಾದರೆ ಆ ಹೊತ್ತಿನಲ್ಲೇ ಕಲಿಸಬೇಕು.

ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲೆ ಕಲಿಸುವವರು ಏಕಿಲ್ಲ ಎಂದು ಕೇಳುವವರಿಗೆ ಕಾನೂನಿನಲ್ಲೇ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಕಲೆ, ದೈಹಿಕ ಶಿಕ್ಷಣ ಮತ್ತು ಕಾರ್ಯಾನುಭವಗಳಿಗೆ ಅರೆಕಾಲಿಕ ಬೋಧಕರಿರಬೇಕಾದದ್ದು ಆರರಿಂದ ಎಂಟನೆಯ ತರಗತಿಗಳಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳು ದಾಖಲಾಗಿರುವ ಕಡೆ. ಒಂದರಿಂದ ಐದರವರೆಗಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಕಾಯ್ದೆಯ ಅಗತ್ಯ ಮುಗಿಯಿತು. ಅದೇ ಕಾಯ್ದೆ ಮಗುವಿನ ಸರ್ವಾಂಗೀಣ ಬೆಳವಣಿಗೆಯ ಮಾತನ್ನೂ ಆಡುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳು ಎಲ್ಲ ಹಂತಗಳಲ್ಲೂ ಪಾಠದ ಭಾಗವಾಗಿರಬೇಕೆನ್ನುತ್ತದೆ. ಹೇಳಿದ ಮಾತಿಗೂ ಕೊಟ್ಟ ಹುದ್ದೆಗೂ ನಡುವಿನ ಈ ಅಂತರದಲ್ಲಿ ಆರೇಳು ವರ್ಷದ ಮಕ್ಕಳು ಸಿಕ್ಕಿಕೊಂಡಿದ್ದಾರೆ. ಮೈ ಬಗ್ಗುವ, ನಾಚಿಕೆ ಇನ್ನೂ ಹತ್ತಿರ ಸುಳಿಯದ, ಕೇಳಿದ ಲಯವನ್ನು ಥಟ್ಟನೆ ಹಿಡಿಯುವ ವಯಸ್ಸು ಅದು.

ನಾನು ಆರಿಸಿಕೊಂಡದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆ. ಒಂದು ಕಾರಣ, ಅಲ್ಲಿಯ ಮುಖ್ಯಶಿಕ್ಷಕಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಇನ್ನೊಂದು, ತುಮಕೂರಿನಿಂದ ಅಲ್ಲಿಗೆ ನೇರ ಬಸ್ಸಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣ ಉಚಿತವಾದದ್ದು ನನ್ನ ಕೆಲಸಕ್ಕೆ ಎಷ್ಟು ನೆರವಾಯಿತೆಂದರೆ, ಅದಿಲ್ಲದಿದ್ದರೆ ವಾರಕ್ಕೆ ಮೂರು ದಿನ ಹೋಗಿಬರುವ ಖರ್ಚನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯಲ್ಲೇ ಎಲ್ಲವೂ ನಿಂತುಹೋಗುತ್ತಿತ್ತು. ಉಚಿತ ಶಿಕ್ಷಣವೆಂದರೆ ಕಲಿಸುವವರ ಖರ್ಚನ್ನು ಯಾರೋ ಒಬ್ಬರು ಹೊರಲೇಬೇಕು. ಇದನ್ನು ಮೊದಲೇ ಬಿಡಿಸಿಕೊಳ್ಳದೆ ಉತ್ಸಾಹದಿಂದ ಶುರುವಾದ ಎಷ್ಟೋ ತರಗತಿಗಳು ದಸರಾ ರಜೆ ಮುಗಿದ ಮೇಲೆ ಮತ್ತೆ ತೆರೆಯುವುದಿಲ್ಲ.

ಅನುಮತಿಯ ದಾರಿ ಹೀಗಿತ್ತು. ಮೊದಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಲ್ಲರೂ ಎಸ್‌ಡಿಎಂಸಿ ಎನ್ನುವ ಪೋಷಕರ ಸಮಿತಿಯ ಸಭೆಯಲ್ಲಿ ನಿರ್ಣಯವಾಗಬೇಕು. ಆ ನಿರ್ಣಯದ ನಕಲಿನೊಂದಿಗೆ ಮುಖ್ಯಶಿಕ್ಷಕಿ ಬರೆಯುವ ಪತ್ರ ಹತ್ತಿರದ ಶಾಲೆಗಳ ಗುಂಪಾದ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿಯವರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ ಮುಟ್ಟಬೇಕು. ನನ್ನ ಪ್ರಮಾಣಪತ್ರಗಳು, ಗುರುತಿನ ದಾಖಲೆ ಮತ್ತು ಪೊಲೀಸ್ ದೃಢೀಕರಣವನ್ನು ಯಾರೂ ಕೇಳುವ ಮೊದಲೇ ನಾನೇ ಸೇರಿಸಿದೆ. ಮಕ್ಕಳ ನಡುವೆ ಹೊರಗಿನವರೊಬ್ಬರನ್ನು ಬಿಡುವಾಗ ಶಾಲೆ ಇಷ್ಟನ್ನು ಕೇಳಲೇಬೇಕು. ಕೇಳದ ಶಾಲೆಗೂ ಕೊಡುವುದು ನಮ್ಮ ಕರ್ತವ್ಯ. ಕಚೇರಿಯಲ್ಲಿ ಕಡತ ಕೆಲಕಾಲ ಒಂದೇ ಮೇಜಿನ ಮೇಲಿತ್ತು. ಅದು ಮುಂದೆ ಸರಿದದ್ದು, ಇದಕ್ಕೆ ಇಲಾಖೆಯಿಂದ ಹಣ ಬೇಡ, ಹುದ್ದೆ ಬೇಡ, ಪಾಠದ ಅವಧಿಗಳು ಕಡಿಮೆಯಾಗುವುದಿಲ್ಲ ಎಂಬ ಮೂರು ಸಾಲುಗಳನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದ ಮೇಲೆ.

ಎಸ್‌ಡಿಎಂಸಿ ಸಭೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಡೀ ಕೆಲಸ ನಿಂತದ್ದು ಅದರ ಮೇಲೆ. ಜಗಲಿಯ ಮೇಲೆ ಜಮಖಾನ ಹಾಸಿದ್ದರು. ತಂದೆತಾಯಂದಿರು ಕೇಳಿದ ಪ್ರಶ್ನೆಗಳು ನೇರವಾಗಿದ್ದವು. ಇದರಿಂದ ಓದಿಗೆ ತೊಂದರೆಯಾಗುವುದಿಲ್ಲವೇ, ಬಟ್ಟೆಬರೆಗೆ ದುಡ್ಡು ಕೇಳುತ್ತೀರಾ, ಗಂಡುಹುಡುಗರಿಗೇಕೆ ಇದು? ಮುಸ್ಲಿಂ ತಾಯಿಯೊಬ್ಬರು ಹಿಂದಿನ ಸಾಲಿನಿಂದ ಮೆಲ್ಲಗೆ, ‘ದೇವರ ಹಾಡಿಗೇ ಕುಣಿಯಬೇಕಾ ಮೇಡಂ?’ ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಭರತನಾಟ್ಯದ ಕೃತಿಗಳಲ್ಲಿ ಬಹುಪಾಲು ಭಕ್ತಿಯವೇ ಹೌದು, ಆದರೆ ಅದರ ಅಡವುಗಳೆಂಬ ಮೂಲ ಹೆಜ್ಜೆಗಳಿಗೆ, ತಾಳಕ್ಕೆ, ಬಾಯಲ್ಲಿ ಹೇಳುವ ಲಯದ ಸೊಲ್ಲುಕಟ್ಟಿಗೆ ಯಾವ ದೇವರ ಹಂಗೂ ಇಲ್ಲ; ಈ ವಯಸ್ಸಿನ ಮಕ್ಕಳಿಗೆ ಮಳೆ, ಬಿತ್ತನೆ, ಹಕ್ಕಿ, ಸಂತೆ ಇವೇ ಸಾಕಷ್ಟು ವಸ್ತುಗಳು ಎಂದು ಉತ್ತರಿಸಿದೆ. ಈ ಮಾತನ್ನು ನಿರ್ಣಯದಲ್ಲೇ ಬರೆಸಿದೆವು. ದುಡ್ಡಿನ ವಿಷಯಕ್ಕೂ ಹಾಗೆಯೇ: ಸಮವಸ್ತ್ರದಲ್ಲೇ ಕಲಿಕೆ, ಸಮವಸ್ತ್ರದಲ್ಲೇ ಪ್ರದರ್ಶನ, ಯಾವ ಕಾರಣಕ್ಕೂ ಪೋಷಕರಿಂದ ಒಂದು ರೂಪಾಯಿಯನ್ನೂ ಕೇಳುವಂತಿಲ್ಲ.

ಗಂಡುಹುಡುಗರ ಪ್ರಶ್ನೆಗೆ ಉತ್ತರ ಕೊಟ್ಟವರು ಸಮಿತಿಯ ಸದಸ್ಯೆಯೊಬ್ಬರ ಮಾವ. ಹಿಂದೆ ಊರಹಬ್ಬದಲ್ಲಿ ಸೋಮನ ಕುಣಿತಕ್ಕೆ ನಿಲ್ಲುತ್ತಿದ್ದವರು, ಕೋಲಾಟದ ತಂಡ ಕಟ್ಟಿದ್ದವರು. ‘ನೋಡವ್ವಾ, ಕುಣಿಯಾದು ಹೆಣ್ಣುಮಕ್ಳ ಕೆಲ್ಸ ಅಂತ ನಮ್ಮೂರಲ್ಲಿ ಯಾರೂ ಹೇಳಂಗಿಲ್ಲ. ಸೋಮನ ಮೊಕ ಹೊತ್ಕಂಡು ಕುಣ್ದೋರೆಲ್ಲ ಗಂಡಸ್ರೇಯ’ ಎಂದರು. ಆಮೇಲೆ ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಸಭೆ ಮುಗಿದ ಮೇಲೆ ನಾನು ಅವರ ಮನೆಗೆ ಹೋಗಿ, ವಾರಕ್ಕೊಂದು ದಿನ ತಾವೂ ಬಂದು ಕೋಲಾಟ ಹೇಳಿಕೊಡಬೇಕೆಂದು ಕೇಳಿಕೊಂಡೆ. ಶಾಸ್ತ್ರೀಯ ನೃತ್ಯವನ್ನು ಹೊರಗಿನಿಂದ ತಂದು ಹಳ್ಳಿಯ ಮಕ್ಕಳಿಗೆ ದಾನ ಕೊಟ್ಟಂತೆ ಕಾಣಬಾರದೆಂಬುದು ನನ್ನ ಮನಸ್ಸಿನಲ್ಲಿ ಬಲವಾಗಿತ್ತು. ಆ ಊರಿನಲ್ಲಿ ಕುಣಿತ ಇದ್ದೇ ಇತ್ತು; ಶಾಲೆಯ ಗೇಟಿನೊಳಗೆ ಅದಕ್ಕೆ ಜಾಗವಿರಲಿಲ್ಲ ಅಷ್ಟೆ. ಮಕ್ಕಳು ಮೊದಲು ತಮ್ಮ ಊರಿನ ಹೆಜ್ಜೆ ಕಲಿತು, ಅದರ ಪಕ್ಕದಲ್ಲೇ ಅಡವನ್ನೂ ಕಲಿಯಲಿ ಎಂದು ನಾವಿಬ್ಬರೂ ಒಪ್ಪಿಕೊಂಡೆವು. ನಾನು ಅವರನ್ನು ಅಜ್ಜ ಎಂದೇ ಕರೆಯುತ್ತೇನೆ, ಮಕ್ಕಳೂ ಹಾಗೆಯೇ ಕರೆಯುತ್ತಾರೆ.

ಸಮಯ ಗೊತ್ತುಮಾಡುವುದಕ್ಕೆ ಮಕ್ಕಳ ಹೊಟ್ಟೆಯನ್ನೂ ಬಿಸಿಲನ್ನೂ ನೋಡಬೇಕಾಯಿತು. ಬೆಳಗಿನ ಕ್ಷೀರಭಾಗ್ಯದ ಹಾಲು ಕುಡಿದ ತಕ್ಷಣ ಜಿಗಿಸುವಂತಿಲ್ಲ, ಮಧ್ಯಾಹ್ನದ ಬಿಸಿಯೂಟವಾದ ಮೇಲೆ ಮೊದಲೇ ಆಗದು. ಹನ್ನೊಂದೂವರೆಯ ಸುಮಾರಿಗೆ ನಲವತ್ತು ನಿಮಿಷದ ಅವಧಿ ನಿಗದಿಯಾಯಿತು. ಒಳಗಿನ ನೆಲ ಸಿಮೆಂಟಿನದು. ಸಿಮೆಂಟಿನ ಮೇಲೆ ಬರಿಗಾಲಲ್ಲಿ ತಟ್ಟುವುದು ಬೆಳೆಯುವ ಮೂಳೆಗಳಿಗೆ, ವಿಶೇಷವಾಗಿ ಮಂಡಿಗೂ ಮೊಣಕಾಲ ಕೆಳಗಿನ ಮೂಳೆಗೂ ಒಳ್ಳೆಯದಲ್ಲ. ಆದ್ದರಿಂದ ಹೊಂಗೆ ಮರದ ನೆರಳಿನ ಮಣ್ಣಿನ ಅಂಗಳವನ್ನೇ ಆರಿಸಿದೆವು. ಪ್ರತಿ ತರಗತಿಗೂ ಮೊದಲು ದೊಡ್ಡ ಮಕ್ಕಳು ಸಾಲಾಗಿ ನಡೆದು ಕಲ್ಲುಮುಳ್ಳು ಹೆಕ್ಕುತ್ತಾರೆ, ಬೇಸಿಗೆಯಲ್ಲಿ ಒಂದಿಷ್ಟು ನೀರು ಚಿಮುಕಿಸುತ್ತಾರೆ. ಮಂಡಿ ಬಗ್ಗಿಸಿ ಅರ್ಧ ಕುಳಿತಂತೆ ನಿಲ್ಲುವ ಅರೆಮಂಡಿಯ ವಿಷಯದಲ್ಲಿ ನಾನು ಖಾಸಗಿ ತರಗತಿಗಿಂತ ಹೆಚ್ಚು ಸಡಿಲವಾಗಿದ್ದೇನೆ. ಪಾದ ಹೊರಕ್ಕೆ ತಿರುಗುವುದು ಸೊಂಟದಿಂದ ಬರಬೇಕೇ ಹೊರತು ಮಂಡಿಯನ್ನು ತಿರುಚಿ ಅಲ್ಲ; ಆರು ವರ್ಷದ ಮಗು ಎಷ್ಟು ಕುಳಿತರೆ ಅಷ್ಟೇ ಸಾಕು, ಬೆನ್ನು ನೇರವಾಗಿದ್ದರೆ ಉಳಿದದ್ದು ವರ್ಷಗಳಲ್ಲಿ ಬರುತ್ತದೆ. ಮಕ್ಕಳ ಮೈ ಮುಟ್ಟಿ ತಿದ್ದುವ ನಮ್ಮ ಹಳೆಯ ರೂಢಿಯನ್ನೂ ಇಲ್ಲಿ ಬಿಟ್ಟಿದ್ದೇನೆ. ಎದುರು ನಿಂತು ಕನ್ನಡಿಯ ಹಾಗೆ ತೋರಿಸುತ್ತೇನೆ, ಅವರ ಬಲಕ್ಕೆ ನನ್ನ ಎಡ. ಹೇಗೆ ಮುಟ್ಟಿದರೆ ಸರಿ, ಹೇಗೆ ಮುಟ್ಟಿದರೆ ತಪ್ಪು ಎಂದು ಶಾಲೆಯಲ್ಲಿ ಹೇಳಿಕೊಡುತ್ತಿರುವಾಗ ನೃತ್ಯದ ಮೇಡಂಗೆ ಬೇರೆ ನಿಯಮವಿರಬಾರದು.

ಎಡಬಲದ ಗೊಂದಲ ದೊಡ್ಡದಾಗಿತ್ತು. ಒಂದನೆಯ ತರಗತಿಯಲ್ಲಿ ಅರ್ಧದಷ್ಟು ಮಕ್ಕಳಿಗೆ ಬಲಗಾಲು ಯಾವುದೆಂದು ಹೇಳಿದ ಕೂಡಲೇ ಹೊಳೆಯುತ್ತಿರಲಿಲ್ಲ. ಅಜ್ಜ ‘ಉಣ್ಣೋ ಕೈ ಕಡೆ ಕಾಲು’ ಎಂದು ಹೇಳಿಕೊಟ್ಟರು, ಬಹಳ ಮಕ್ಕಳಿಗೆ ಅದು ಹಿಡಿಯಿತು. ಆದರೆ ಒಬ್ಬ ಹುಡುಗಿ ಮಾತ್ರ ಎಷ್ಟು ಹೇಳಿದರೂ ಎಡಗಾಲನ್ನೇ ಎತ್ತುತ್ತಿದ್ದಳು. ಬಿಸಿಯೂಟದ ಹೊತ್ತಿನಲ್ಲಿ ನೋಡಿದರೆ ಅವಳು ಊಟ ಮಾಡುವುದೇ ಎಡಗೈಯಲ್ಲಿ. ಅಜ್ಜ ಹೇಳಿದ್ದನ್ನು ಅವಳು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಮರುದಿನದಿಂದ ಎಲ್ಲ ಮಕ್ಕಳ ಬಲಗಾಲಿಗೂ ಕೆಂಪು ಉಣ್ಣೆಯ ದಾರ ಕಟ್ಟಿದೆವು, ‘ಕೆಂಪು ಕಾಲು’ ಎಂಬುದು ಅಂಗಳದ ಮಾತಾಯಿತು. ಕೆಲವು ವಾರಗಳಲ್ಲಿ ದಾರ ಬೇಕಿಲ್ಲದಂತಾಯಿತಾದರೂ ಹಲವರು ಅದನ್ನು ಬಿಚ್ಚಲು ಒಪ್ಪಲಿಲ್ಲ.

ನೃತ್ಯದ ಅವಧಿ ಮೊದಲು ಸಿಕ್ಕಿದ್ದು ಒಂದರಿಂದ ಮೂರನೆಯ ತರಗತಿಯವರಿಗೆ. ಅವರು ನಲಿಕಲಿ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಕಲಿಯುವವರು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ವೇಗದಲ್ಲಿ ಏರುತ್ತದೆ, ಕೆಲವರು ಶಿಕ್ಷಕರ ನೆರವಿನ ಗುಂಪಿನಲ್ಲಿರುತ್ತಾರೆ, ಕೆಲವರು ಸಹಪಾಠಿಗಳ ನೆರವಿನ ಗುಂಪಿನಲ್ಲಿರುತ್ತಾರೆ. ನೃತ್ಯಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಬೇಕಿರಲಿಲ್ಲ. ಖಾಸಗಿ ತರಗತಿಯಲ್ಲಿ ಚೆನ್ನಾಗಿ ಮಾಡುವವರು ಮುಂದಿನ ಸಾಲು, ಉಳಿದವರು ಹಿಂದಿನ ಸಾಲು ಎಂಬುದು ತಾನಾಗಿಯೇ ಆಗಿಬಿಡುತ್ತದೆ. ಇಲ್ಲಿ ನಾವು ಸಾಲುಗಳನ್ನೇ ಬಿಟ್ಟು ವೃತ್ತದಲ್ಲಿ ನಿಂತೆವು. ತಟ್ಟಡವು, ಅಂದರೆ ಪಾದ ತಟ್ಟುವ ಅಡವುಗಳಲ್ಲಿ ಮೊದಲನೆಯದನ್ನು ಹಿಡಿದ ಮಗು ಇನ್ನೂ ಹಿಡಿಯದ ಮಗುವಿನ ಎದುರು ನಿಂತು ‘ತೈಯಾ ತೈ’ ಹೇಳಿಕೊಡುತ್ತಿತ್ತು. ಧ್ವನಿಮುದ್ರಿತ ಸಂಗೀತವನ್ನು ಬಳಸಲೇ ಇಲ್ಲ. ತಾಳ ಹಾಕುವ ತಟ್ಟುಮಣೆ, ತಟ್ಟುಕೋಲು, ನನ್ನ ದನಿ, ಅಜ್ಜ ಬಂದ ದಿನ ಅವರ ತಮಟೆ. ಕರೆಂಟು ಹೋದರೂ ತರಗತಿ ನಿಲ್ಲುವಂತಿಲ್ಲ, ಮಗು ಮನೆಗೆ ಹೋದ ಮೇಲೂ ಬಾಯಲ್ಲಿ ಹೇಳಿಕೊಂಡು ಮಾಡುವಂತಿರಬೇಕು.

ಬಾಯಲ್ಲಿ ಹೇಳಿಸುವುದಕ್ಕೆ ನಾನು ತುಂಬ ಹೊತ್ತು ಕೊಟ್ಟೆ. ತಕಿಟ ಮೂರು, ತಕದಿಮಿ ನಾಲ್ಕು, ತಕತಕಿಟ ಐದು, ತಕಿಟತಕದಿಮಿ ಏಳು, ತಕದಿಮಿತಕತಕಿಟ ಒಂಬತ್ತು: ತಾಳದಲ್ಲಿ ಜಾತಿಗಳೆನ್ನುವ ಈ ಐದು ಬಗೆಯ ಎಣಿಕೆಗಳನ್ನು ಮೊದಲು ಚಪ್ಪಾಳೆಯಲ್ಲಿ, ಆಮೇಲೆ ನಡಿಗೆಯಲ್ಲಿ, ಕೊನೆಗೆ ಪಾದ ತಟ್ಟುವುದರಲ್ಲಿ ಕಲಿತರು. ಐದರ ಹತ್ತಿರ ಬಂದಾಗ ಎಲ್ಲರೂ ಎಡವಿದರು, ಏಕೆಂದರೆ ಮೊದಲ ಸುತ್ತು ಬಲಗಾಲಲ್ಲಿ ಶುರುವಾದರೆ ಮುಂದಿನದು ಎಡಗಾಲಲ್ಲಿ ಶುರುವಾಗುತ್ತದೆ. ಎರಡನೆಯ ತರಗತಿಯ ಹುಡುಗನೊಬ್ಬ ನಿಂತಲ್ಲೇ ನಿಂತು ಬೆರಳು ಎಣಿಸಿ, ‘ಮಿಸ್, ಮೂರಕ್ಕೂ ಹಿಂಗೇ ಆಗುತ್ತೆ, ಏಳಕ್ಕೂ ಆಗುತ್ತೆ, ನಾಲ್ಕಕ್ಕೆ ಮಾತ್ರ ಆಗಲ್ಲ’ ಎಂದ. ಬೆಸ ಸಂಖ್ಯೆಯ ವಿಷಯವನ್ನು ಯಾರೂ ಅವನಿಗೆ ಹೇಳಿರಲಿಲ್ಲ. ನೃತ್ಯ ಕಲಿತರೆ ಗಣಿತ ಬರುತ್ತದೆ, ಓದು ಸುಧಾರಿಸುತ್ತದೆ ಎಂದು ಅರ್ಜಿಗಳಲ್ಲಿ ಬರೆಯುವ ರೂಢಿಯಿದೆ. ನಾನು ಹಾಗೆ ಬರೆಯಲಿಲ್ಲ, ಈಗಲೂ ಹೇಳುವುದಿಲ್ಲ. ಗಣಿತವನ್ನು ಗಣಿತಕ್ಕಾಗಿ ಕಲಿಸುವಂತೆ ನೃತ್ಯವನ್ನು ನೃತ್ಯಕ್ಕಾಗಿಯೇ ಕಲಿಸಬೇಕು. ಇನ್ನೊಂದು ವಿಷಯಕ್ಕೆ ಉಪಕಾರವಾಗುತ್ತದೆ ಎಂಬ ಕಾರಣಕ್ಕೆ ಒಳಗೆ ಬಿಟ್ಟುಕೊಂಡ ಕಲೆಯನ್ನು ಆ ಉಪಕಾರ ಕಾಣದ ದಿನ ಹೊರಗೆ ಕಳಿಸುತ್ತಾರೆ.

ನಂದಿಕೇಶ್ವರನ ಅಭಿನಯದರ್ಪಣವೆಂಬ ನೃತ್ಯಗ್ರಂಥದ, ಒಂದೇ ಕೈಯಲ್ಲಿ ತೋರಿಸುವ ಇಪ್ಪತ್ತೆಂಟು ಅಸಂಯುತ ಹಸ್ತಗಳ ಶ್ಲೋಕವನ್ನು ಮಕ್ಕಳು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದರು. ಯಾವ ಹಸ್ತ ಏನನ್ನು ಸೂಚಿಸುತ್ತದೆ ಎಂಬ ವಿನಿಯೋಗಗಳನ್ನು ಮಾತ್ರ ನಾನು ಪುಸ್ತಕದಿಂದ ಹೇರಲಿಲ್ಲ. ಮೃಗಶೀರ್ಷ ಹಸ್ತ ತೋರಿಸಿ ಇದು ಜಿಂಕೆ ಎಂದಾಗ, ಜಿಂಕೆ ನೋಡದ ಮಕ್ಕಳು ಅದನ್ನು ಮೇಕೆ ಮಾಡಿಕೊಂಡರು. ಮೇಕೆ ಬೇಲಿಗೆ ಮುಂಗಾಲು ಕೊಟ್ಟು ಸೊಪ್ಪು ಕಿತ್ತು ತಿನ್ನುವುದನ್ನು ಅವರು ತೋರಿಸಿದ ಬಗೆಯಲ್ಲಿ ಕತ್ತಿನ ಆ ಸಣ್ಣ ಜಗ್ಗು ಇತ್ತಲ್ಲ, ಅದನ್ನು ನಾನು ಯಾವ ಗುರುವಿನ ಹತ್ತಿರವೂ ಕಲಿತಿರಲಿಲ್ಲ.

ಅಜ್ಜನ ಕೋಲಾಟದ ದಿನವೆಂದರೆ ಶಾಲೆಯ ಹಾಜರಿಯೇ ಹೆಚ್ಚು. ಅವರು ಪ್ರತಿ ಮಗುವಿನ ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು, ಆ ಮಗುವಿನ ಒಂದು ಮೊಳಕ್ಕೆ ಸರಿಯಾಗಿ ಕೋಲು ಕತ್ತರಿಸಿ, ಸಿಬಿರು ಚುಚ್ಚದಂತೆ ಉಜ್ಜಿ ಕೊಟ್ಟಿದ್ದರು. ಉದ್ದದ ಕೋಲು ಕೊಟ್ಟರೆ ಚಿಕ್ಕವರ ಏಟು ಪಕ್ಕದವರ ಬೆರಳಿಗೆ ಬೀಳುತ್ತದೆಯಂತೆ. ಕೋಲಾಟದಲ್ಲಿ ಒಳಸುತ್ತು ಒಂದು ದಿಕ್ಕಿಗೆ, ಹೊರಸುತ್ತು ಇನ್ನೊಂದು ದಿಕ್ಕಿಗೆ ಸರಿಯುತ್ತದೆ, ಪ್ರತಿ ಹೆಜ್ಜೆಗೆ ಎದುರಿನ ಜೋಡಿ ಬದಲಾಗುತ್ತದೆ. ಹಟ್ಟಿಯ ಮಕ್ಕಳು, ಕೇರಿಯ ಮಕ್ಕಳು, ಊರೊಳಗಿನ ಮಕ್ಕಳು ಎಲ್ಲರ ಕೋಲೂ ಎಲ್ಲರ ಕೋಲಿಗೆ ತಾಗದೆ ಆ ಆಟ ಮುಗಿಯುವುದೇ ಇಲ್ಲ. ಯಾರು ಯಾರ ಪಕ್ಕ ಕೂರಬೇಕೆಂದು ದೊಡ್ಡವರು ಇನ್ನೂ ಲೆಕ್ಕ ಹಾಕುವ ಕಡೆ ಈ ಮಾತಿಗೆ ಎಷ್ಟು ತೂಕವಿದೆಯೆಂಬುದು ನಮ್ಮ ಹಳ್ಳಿಗಳನ್ನು ಬಲ್ಲವರಿಗೆ ಗೊತ್ತು. ಅಜ್ಜ ಇದನ್ನು ಬಾಯಿಬಿಟ್ಟು ಹೇಳಿದವರಲ್ಲ, ‘ಸುತ್ತು ಮುರೀಬ್ಯಾಡ್ರಿ’ ಎಂದಷ್ಟೇ ಹೇಳುತ್ತಿದ್ದರು.

ನಿಜವಾದ ಜಗ್ಗಾಟ ನಡೆದದ್ದು ಪ್ರತಿಭಾ ಕಾರಂಜಿಯ ಸಮಯದಲ್ಲಿ. ಕ್ಲಸ್ಟರ್ ಹಂತದ ಸ್ಪರ್ಧೆಗೆ ಎಂಟು ಮಕ್ಕಳನ್ನು ಆರಿಸಿ, ಬಾಡಿಗೆ ಉಡುಪು ಹಾಕಿಸಿ, ಸಿನಿಮಾ ಗೀತೆಯೊಂದಕ್ಕೆ ತಯಾರು ಮಾಡಿಕೊಡಿ ಎಂದು ಶಿಕ್ಷಕರು ಕೇಳಿದರು. ಅವರ ಮೇಲೂ ಒತ್ತಡವಿತ್ತು, ಶಾಲೆಗೊಂದು ಬಹುಮಾನ ಬಂದರೆ ದಾಖಲಾತಿ ಹೆಚ್ಚಬಹುದೆಂಬ ಆಸೆಯಿತ್ತು. ಮಕ್ಕಳು ಕಡಿಮೆಯಾದರೆ ಶಾಲೆಯೇ ಉಳಿಯುವುದಿಲ್ಲವೆಂಬ ಭಯ ಇಂದು ಪ್ರತಿ ಹಳ್ಳಿಯ ಶಾಲೆಯಲ್ಲೂ ಇದೆ. ಆದರೂ ನಾನು ಒಪ್ಪಲಿಲ್ಲ. ಎಂಟು ಮಕ್ಕಳನ್ನು ಆರಿಸಿದ ದಿನವೇ ಉಳಿದವರು ತಮಗೆ ನೃತ್ಯ ಬರುವುದಿಲ್ಲವೆಂದು ಕಲಿತುಬಿಡುತ್ತಾರೆ, ಆ ಪಾಠ ಮಾತ್ರ ಜನ್ಮಪೂರ್ತಿ ಮರೆಯುವುದಿಲ್ಲ. ಮುಖ್ಯಶಿಕ್ಷಕಿ ನಡುದಾರಿಯೊಂದನ್ನು ಕಂಡುಕೊಂಡರು. ಸ್ಪರ್ಧೆಯ ತಯಾರಿಯನ್ನು ಶಿಕ್ಷಕರು ಬೇರೆ ಹೊತ್ತಿನಲ್ಲಿ ತಾವೇ ಮಾಡಿಸುವುದು, ನೃತ್ಯದ ಅವಧಿಯನ್ನು ಅದಕ್ಕೆ ಮುಟ್ಟದಿರುವುದು, ಶಾಲಾ ವಾರ್ಷಿಕೋತ್ಸವದಲ್ಲಿ ವೇದಿಕೆಯ ಬದಲು ಅಂಗಳದಲ್ಲೇ ಎಲ್ಲ ಮಕ್ಕಳೂ ಕುಣಿಯುವುದು. ವಾರ್ಷಿಕೋತ್ಸವದ ದಿನ ಸಮವಸ್ತ್ರದಲ್ಲಿದ್ದ ಮಕ್ಕಳ ಸುತ್ತ ಊರಿನವರು ನೆಲದ ಮೇಲೆ ಕುಳಿತು ನೋಡಿದರು. ಪ್ರತಿ ಮನೆಯವರಿಗೂ ನೋಡಲು ತಮ್ಮದೊಂದು ಮಗುವಿತ್ತು.

ಇಂಥ ಪ್ರಯತ್ನ ಹೊಸದೇನೂ ಅಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಕುಣಿತ, ನಾಟಕಗಳ ಮೂಲಕ ಶಿಕ್ಷಣದ ಪ್ರಯೋಗಗಳನ್ನು ನಡೆಸಿದ್ದು ಕನ್ನಡಿಗರಿಗೆ ಗೊತ್ತೇ ಇದೆ. ನ್ಯೂಯಾರ್ಕ್ ಸಿಟಿ ಬ್ಯಾಲೆಯ ಪ್ರಮುಖ ನರ್ತಕರಾಗಿದ್ದ ಜಾಕ್ ದಾಂಬ್ವಾಜ್ 1976ರಲ್ಲಿ ನ್ಯಾಷನಲ್ ಡಾನ್ಸ್ ಇನ್‌ಸ್ಟಿಟ್ಯೂಟ್ ಕಟ್ಟಿ, ಆ ನಗರದ ಸಾರ್ವಜನಿಕ ಶಾಲೆಗಳ ಒಳಗೆ ಹೋಗಿ ಮಕ್ಕಳಿಗೆ ಉಚಿತವಾಗಿ ನೃತ್ಯ ಕಲಿಸುವ ಕೆಲಸ ಆರಂಭಿಸಿದರು, ಅದು ಅವರ ನಂತರವೂ ನಡೆಯುತ್ತಿದೆ. ಅವರ ಕೆಲಸದಲ್ಲಿ ನನ್ನ ಗಮನ ಸೆಳೆದದ್ದು ಅದು ಶಾಲೆಯ ದಿನದ ಒಳಗೇ ನಡೆಯುತ್ತದೆ, ಅಲ್ಲಿ ವಾದ್ಯವನ್ನು ಎದುರಿಗೇ ನುಡಿಸುತ್ತಾರೆ ಎಂಬ ಎರಡು ಸಂಗತಿಗಳು. ನಗರ ಬೇರೆ, ನೃತ್ಯ ಬೇರೆ, ಆದರೂ ಒಳಗೆ ನಡೆಯಬೇಕೆಂಬ ತೀರ್ಮಾನಕ್ಕೆ ಅವರೂ ಬಂದಿದ್ದರೆಂಬುದು ನನಗೆ ಬಲ ಕೊಟ್ಟಿತು.

ಒಬ್ಬ ಸ್ವಯಂಸೇವಕಿಯ ಮೇಲೆ ನಿಂತ ಕೆಲಸ ಅವಳಿಗೆ ಜ್ವರ ಬಂದರೆ ನಿಲ್ಲುತ್ತದೆ. ಆದ್ದರಿಂದ ಎರಡನೆಯ ವರ್ಷದಿಂದ ನಲಿಕಲಿ ಶಿಕ್ಷಕಿಯೊಬ್ಬರು ಮಕ್ಕಳೊಂದಿಗೇ ವೃತ್ತದಲ್ಲಿ ನಿಂತು ಕಲಿಯತೊಡಗಿದರು. ‘ನನಗೀಗ ಈ ವಯಸ್ಸಲ್ಲಿ ಬರುತ್ತಾ ಮೇಡಂ’ ಎನ್ನುತ್ತಲೇ ಸೆರಗು ಸಿಕ್ಕಿಸಿ ನಿಂತವರು ಈಗ ಮೂರು ಅವಧಿಗಳಲ್ಲಿ ಒಂದನ್ನು ತಾವೇ ನಡೆಸುತ್ತಾರೆ. ಅವರಿಗಾಗಿ ನಾನು ತಾಳ, ಸೊಲ್ಲುಕಟ್ಟು ಮತ್ತು ಆಟಗಳನ್ನು ವಾರವಾರಕ್ಕೆ ಬಿಡಿಸಿ ಬರೆದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಅಡವಿನ ಶುದ್ಧಿಯನ್ನು ಅವರಿಂದ ನಿರೀಕ್ಷಿಸುವುದು ಸರಿಯಲ್ಲ; ಲಯ, ಉಚ್ಚಾರ, ಮೈಯ ಭರವಸೆ ಇವುಗಳನ್ನು ಅವರು ನನಗಿಂತ ಚೆನ್ನಾಗಿ ಕಲಿಸುತ್ತಾರೆ, ಏಕೆಂದರೆ ಪ್ರತಿ ಮಗುವಿನ ಮನೆಯನ್ನೂ ಅವರು ಬಲ್ಲರು. ಅವರಿಗೆ ವರ್ಗಾವಣೆಯಾದರೆ ಏನು ಎಂಬ ಪ್ರಶ್ನೆ ಉಳಿದೇ ಇದೆ. ಅಜ್ಜನಿಗೆ ಗೌರವಧನ ಕೊಡುವ ಹಾದಿಯೂ ಇನ್ನೂ ಸಿಕ್ಕಿಲ್ಲ, ಸದ್ಯಕ್ಕೆ ಹಳೆಯ ವಿದ್ಯಾರ್ಥಿಗಳು ಸೇರಿಸಿ ಕೊಡುತ್ತಿದ್ದಾರೆ. ಇಲಾಖೆಯಿಂದ ನಾನು ಬಯಸುವುದು ಕ್ಲಸ್ಟರಿಗೊಬ್ಬ ಅರೆಕಾಲಿಕ ನೃತ್ಯ ಬೋಧಕರನ್ನು ಮತ್ತು ಅವರ ಜೊತೆಗೆ ಆ ಊರಿನ ಒಬ್ಬ ಜನಪದ ಕಲಾವಿದರನ್ನು. ಹತ್ತಾರು ಶಾಲೆಗಳ ನಡುವೆ ಹಂಚಿದರೆ ಅದು ಭರಿಸಲಾಗದ ಖರ್ಚಲ್ಲ.

ಕಳೆದ ಎಸ್‌ಡಿಎಂಸಿ ಸಭೆಯಲ್ಲಿ ನೃತ್ಯದ ಅವಧಿಯನ್ನು ಮುಂದಿನ ಸಾಲಿನ ವೇಳಾಪಟ್ಟಿಯಲ್ಲಿ ನಾಲ್ಕು ಮತ್ತು ಐದನೆಯ ತರಗತಿಗೂ ವಿಸ್ತರಿಸುವ ನಿರ್ಣಯವಾಗಿದೆ. ಅದೇ ಕ್ಲಸ್ಟರಿನ ಇನ್ನೊಂದು ಶಾಲೆಯವರೂ ಪತ್ರ ಕೊಟ್ಟಿದ್ದಾರೆ. ಆ ಶಾಲೆಯ ಅಂಗಳಕ್ಕೆ ಮರದ ನೆರಳಿಲ್ಲ, ಹತ್ತು ಗಂಟೆಯಾದರೆ ನೆಲ ಕಾಯುತ್ತದೆ. ಹಾಗಾಗಿ ಅಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಬರುವ ಮೊದಲ ಅವಧಿಯನ್ನು ನೃತ್ಯಕ್ಕೆ ಕೊಟ್ಟು, ಹಾಲನ್ನು ಅದರ ನಂತರ ಕೊಡುವಂತೆ ಕೇಳಿದ್ದೇವೆ. ಅಡುಗೆಯ ಅಮ್ಮಂದಿರು ಒಪ್ಪಿದ್ದಾರೆ, ಮುಖ್ಯಶಿಕ್ಷಕರ ಸಹಿ ಬರಬೇಕಿದೆ.